ಬರ್ಗೆನ್ ನಗರದಲ್ಲಿ ಎರಡು ದಿನ

ನಾರ್ವೆ ದೇಶದ ಪಶ್ಚಿಮ ಕರಾವಳಿಯ ಬರ್ಗೆನ್, ಏಳು ಬೆಟ್ಟಗಳ ನಡುವಣ ನಗರವೆಂದು ಪ್ರಸಿದ್ಧವಾದುದು. 2016ರ ಜೂನ್ ತಿಂಗಳಲ್ಲಿ ನಾವು ಅಲ್ಲಿಗೆ ಹೋದಾಗ ಎದುರುಗೊಂಡದ್ದು ಮಳೆ; ಎರಡು ದಿನವೂ ಅದು ನಮ್ಮ ಸಂಗ ಬಿಡಲಿಲ್ಲ.

ಮೊದಲು ಬಂದರಿನ ಅಂಚಿನ ಬ್ರಿಗೆನ್ ಎಂಬ ಕೇರಿಯನ್ನು ಕಂಡೆವು. ಸುಮಾರು 1360ರಿಂದ 1754ರವರೆಗೆ ಹಾನ್ಸಾ ಒಕ್ಕೂಟದ ಜರ್ಮನ್ ವರ್ತಕರು ಇಲ್ಲಿ ಕೋಠಿಯನ್ನಿಟ್ಟು, ಉತ್ತರದಿಂದ ಬರುವ ಒಣಮೀನನ್ನು ಕೊಂಡು ಧಾನ್ಯವನ್ನು ಮಾರುತ್ತಿದ್ದರು. 1702ರ ಅಗ್ನಿ ಅನಾಹುತದ ತರುವಾಯ ಹಳೆಯ ಮಾದರಿಯಲ್ಲಿಯೇ ಕಟ್ಟಿದ ಮರದ ಮನೆಗಳು 1979ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬೆಂಕಿಯ ಭಯದಿಂದ ಆ ಮನೆಗಳಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ. ಅಡುಗೆಗೂ ಚಳಿ ಕಾಯುವುದಕ್ಕೂ ಹಿಂದೆ ಬೇರೆಯೇ ಕಟ್ಟಡವಿತ್ತು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಒಣಮೀನನ್ನೂ ತೂಗುಹಾಕಿದ್ದರು. ಸುಳ್ಳೇಕೆ, ಸಸ್ಯಾಹಾರಿಗಳಾದ ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಮ್ಮನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ಸೇಂಟ್ ಯೋರ್ಗನ್ ಎಂಬ ಹಳೆಯ ಕುಷ್ಠಾಸ್ಪತ್ರೆ. ಹದಿನೈದನೆಯ ಶತಮಾನದ ಆರಂಭದಿಂದ ಇದ್ದ ಈ ಸಂಸ್ಥೆಯೂ 1702ರಲ್ಲಿ ಸುಟ್ಟು ಮತ್ತೆ ಎದ್ದಿತು. ನಡುವೆ ಒಂದು ಹಜಾರ, ಅದರ ಸುತ್ತ ಎರಡು ಅಂತಸ್ತಿನಲ್ಲಿ ಪುಟ್ಟ ಪುಟ್ಟ ಕೋಣೆಗಳು, ಪಕ್ಕದಲ್ಲಿ ಚರ್ಚು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ನೂರಕ್ಕೂ ಹೆಚ್ಚು ಜನ ಇಲ್ಲಿ ಒತ್ತಾಗಿ ಬಾಳಿದರು. ಕೊನೆಯ ಇಬ್ಬರು ರೋಗಿಗಳು 1946ರಲ್ಲಿ ತೀರಿಕೊಂಡರು. ಇಂದು ಈ ಕಟ್ಟಡವೂ ಒಂದು ವಸ್ತುಸಂಗ್ರಹಾಲಯ.

ಇದೇ ನಗರದಲ್ಲಿ ಡಾಕ್ಟರ್ ಗೆರ್ಹಾರ್ಡ್ ಆರ್ಮೌವರ್ ಹ್ಯಾನ್ಸನ್ ಅವರು 1873ರಲ್ಲಿ ಕುಷ್ಠದ ಸೂಕ್ಷ್ಮಾಣುವನ್ನು ಕಂಡರು. ಅದುವರೆಗೆ ಇದು ವಂಶದಿಂದ ಬರುವ ರೋಗವೆಂಬುದೇ ಪ್ರಬಲವಾದ ಮತ. ಆ ಮತದ ದೊಡ್ಡ ಆಚಾರ್ಯರಾದ ಡಾಕ್ಟರ್ ಡೇನಿಯೆಲ್ಸನ್ ಹ್ಯಾನ್ಸನ್ನರಿಗೆ ಹೆಣ್ಣು ಕೊಟ್ಟ ಮಾವ! ಸತ್ಯದ ಮುಂದೆ ಅಳಿಯ ದಾಕ್ಷಿಣ್ಯ ನೋಡಲಿಲ್ಲ.

ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ರೋಗ ಅಂಟುವುದೆಂದು ಸಾಧಿಸುವ ಆತುರದಲ್ಲಿ ಹ್ಯಾನ್ಸನ್ನರು 1879ರಲ್ಲಿ, ಒಬ್ಬ ರೋಗಿಣಿಯ ಕಣ್ಣಿಗೆ ಮತ್ತೊಬ್ಬ ರೋಗಿಯಿಂದ ತೆಗೆದ ದ್ರವ್ಯವನ್ನು ಚುಚ್ಚಿದರು. ಆಕೆಯ ಒಪ್ಪಿಗೆಯನ್ನು ಕೇಳಿರಲಿಲ್ಲ. ಕೇಳಿದರೆ ಒಪ್ಪಲಾರಳೆಂಬುದು ಅವರಿಗೆ ತಿಳಿದಿತ್ತು. ವಿಷಯ ನ್ಯಾಯಾಲಯಕ್ಕೆ ಹೋಗಿ, 1880ರಲ್ಲಿ ಅವರು ಆಸ್ಪತ್ರೆಯ ವೈದ್ಯಹುದ್ದೆಯನ್ನು ಕಳೆದುಕೊಂಡರು. ಆದರೂ ಇಡೀ ದೇಶದ ಕುಷ್ಠವಿಭಾಗದ ಮುಖ್ಯ ವೈದ್ಯಾಧಿಕಾರಿಯಾಗಿ ಮುಂದುವರಿದರು. 1901ರಲ್ಲಿ, ಅವರು ಬದುಕಿರುವಾಗಲೇ, ಬರ್ಗೆನ್ ಮ್ಯೂಸಿಯಮ್ಮಿನ ತೋಟದಲ್ಲಿ ಅವರ ಪ್ರತಿಮೆ ನಿಂತಿತು. ನಾವು ಅದನ್ನೂ ನೋಡಿದೆವು. ಗೌರವ ಸಲ್ಲತಕ್ಕದ್ದೇ, ಆದರೆ ನಮ್ಮ ಮನಸ್ಸು ಆ ಹೆಣ್ಣುಮಗಳನ್ನೇ ನೆನೆಯುತ್ತಿತ್ತು. ಹಾಸಿಗೆ ಹಿಡಿದವಳು, ಬಡವಳು ಎಂದಮಾತ್ರಕ್ಕೆ ಬೇಡವೆನ್ನುವ ಹಕ್ಕು ಹೋದೀತೇ?

ಆ ಕೋಣೆಗಳ ಹೊಸ್ತಿಲಲ್ಲಿ ನಿಂತಾಗ ನಮ್ಮ ನಾಡಿನ ಮನೆಗಳೂ ಕಣ್ಮುಂದೆ ಬಂದವು. ಒಂದು ವರ್ಷದೊಳಗೆ ಔಷಧಿಯಿಂದ ವಾಸಿಯಾಗುವ ರೋಗವಿದು. ಆದರೂ ಕೈಹಿಡಿದವರಿಗೆ ಕುಷ್ಠ ತಗುಲಿದರೆ ವಿವಾಹವಿಚ್ಛೇದನ ಕೇಳಬಹುದೆಂಬ ಮಾತು ಆಗ ನಮ್ಮ ಕಾಯಿದೆಯಲ್ಲಿ ಇನ್ನೂ ಇತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ, ಹ್ಯಾನ್ಸನ್ನರು ಸೂಕ್ಷ್ಮಾಣುವನ್ನು ಕಂಡ 146 ವರ್ಷಗಳ ಮೇಲೆ.