ಲವ್‌ಡೇಲಿನ ಏರುದಾರಿಯಲ್ಲಿ ಒಂದು ಚಿಂತನೆ

ಗುಂಡ್ಲುಪೇಟೆ, ಬಂಡೀಪುರ, ಗೂಡಲೂರುಗಳನ್ನು ದಾಟಿ ಉದಕಮಂಡಲಕ್ಕೆ ಹೋಗುವ ನಮ್ಮವರು ಅಲ್ಲಿಂದ ಕೂನೂರಿನ ಕಡೆಗೆ ಪುಟ್ಟ ರೈಲು ಹತ್ತಿದರೆ ಮೊದಲು ಸಿಗುವ ನಿಲ್ದಾಣವೇ ಲವ್‌ಡೇಲ್. 1908ರಲ್ಲಿ ಉದಕಮಂಡಲ ತಲುಪಿದ ಈ ರೈಲುಮಾರ್ಗವು 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸೈನಿಕರ ಮಕ್ಕಳಿಗಾಗಿ 1858ರಲ್ಲಿ ಸ್ಥಾಪನೆಯಾದ ಲಾರೆನ್ಸ್ ಶಾಲೆಯಿಂದಾಗಿ ಊರಿನ ಹೆಸರು ದೂರದವರೆಗೂ ಹಬ್ಬಿದೆ.

ಪ್ರವಾಸಿಗರ ಕಣ್ಣಿಗೆ ಇಲ್ಲಿನ ಏರಿಳಿತವೆಲ್ಲ ಸೊಬಗು. ಆದರೆ ಮಂಡಿ ಸೋತ ಹಿರಿಯರಿಗೆ ಬೆಟ್ಟದೂರಿನ ಹತ್ತು ಮೆಟ್ಟಿಲೂ ಒಂದು ಬೆಟ್ಟವೇ. ಮನೆಯಿಂದ ರಸ್ತೆಗೆ ಇಳಿಯಲಾರದವರಿಗೆ ಆಸ್ಪತ್ರೆ ಎಷ್ಟು ಹತ್ತಿರವಿದ್ದರೂ ದೂರವೇ.

2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ನೂರಕ್ಕೆ ಸುಮಾರು 10 ಮಂದಿ ಅರವತ್ತು ದಾಟಿದವರು. 2036ಕ್ಕೆ ಇದು ಸುಮಾರು 21, ಕರ್ನಾಟಕದಲ್ಲಿ ಸುಮಾರು 17 ಆಗುವುದೆಂದು ಸರ್ಕಾರಿ ತಜ್ಞರ ಅಂದಾಜು. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಸ್ನಾನ, ಊಟ, ಓಡಾಟದಂಥ ನಿತ್ಯಕರ್ಮಗಳಲ್ಲಿ ಒಂದಾದರೂ ಕಷ್ಟವೆಂದವರು ಹಿರಿಯರಲ್ಲಿ ಸುಮಾರು ಕಾಲುಭಾಗ.

2021ರ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರವು ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ಆರಂಭಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಔಷಧಿ, ಅಂಗಮರ್ದನ ವ್ಯಾಯಾಮ, ಹಾಸಿಗೆ ಹಿಡಿದವರ ಆರೈಕೆ ಇವುಗಳನ್ನು ಮನೆಬಾಗಿಲಿಗೇ ಒಯ್ಯುವುದು ಇದರ ಉದ್ದೇಶ. ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನರು. ನಮ್ಮ ಕಿವಿಗೆ ಅದು ಮಕ್ಕಳು. ಮಕ್ಕಳು ದೂರವಿರುವ ಮನೆಗಳಿಗೆ ಎರಡು ಅರ್ಥವೂ ಬೇಕಾದದ್ದೇ!

ಧರ್ಮಬಂಧುಗಳೇ, ಈ ಮಾತು ನಮಗೆ ಇನ್ನೂ ಹತ್ತಿರದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಜೈನ ಮಹಿಳೆಯರಿಗೆ ಸರಾಸರಿ 1.6 ಮಕ್ಕಳು. ನಾಳೆ ಒಬ್ಬ ಮಗ, ಒಬ್ಬ ಸೊಸೆ ನಾಲ್ವರು ಹಿರಿಯರನ್ನು ನೋಡಿಕೊಳ್ಳಬೇಕಾದೀತು.

ನಮ್ಮಲ್ಲಿ ಸೇವೆ ಬರಿಯ ಉಪಕಾರವಲ್ಲ, ತಪಸ್ಸು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ವೈಯಾವೃತ್ಯವನ್ನು ಆರು ಅಂತರಂಗ ತಪಗಳಲ್ಲಿ ಎಣಿಸಿದೆ. ಅದಕ್ಕೆ ಪಾತ್ರರಾದ ಹತ್ತು ವಿಧದವರಲ್ಲಿ ‘ಗ್ಲಾನ’ರು, ಎಂದರೆ ರೋಗಪೀಡಿತರೂ ಸೇರಿದ್ದಾರೆ. ತ್ಯಾಗಿಗಳನ್ನು ಕುರಿತು ಹೇಳಿದ ಈ ಭಾವನೆಯನ್ನು ಶ್ರಾವಕರು ತಮ್ಮ ಮನೆಯ ಹಿರಿಯರಲ್ಲೂ ಬೆಳೆಸಿಕೊಳ್ಳಬಾರದೇಕೆ?

ಆದರೆ ಈ ತಪವನ್ನು ಸೊಸೆಯೊಬ್ಬಳ ಹೆಗಲಿಗೇರಿಸಿ ಪುಣ್ಯವನ್ನು ಮನೆಯವರೆಲ್ಲ ಹಂಚಿಕೊಳ್ಳುವುದು ನ್ಯಾಯವಲ್ಲ. ಗಂಡುಮಕ್ಕಳೂ ಆರೈಕೆ ಕಲಿಯಲಿ. ಬಚ್ಚಲಿಗೆ ಜಾರದ ನೆಲ, ಗೋಡೆಗೆ ಹಿಡಿಕೆ, ಬಸದಿಯ ಮೆಟ್ಟಿಲಿಗೆ ಕೈಪಿಡಿ ಇವು ದೊಡ್ಡ ಖರ್ಚಿನವಲ್ಲ. ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ ವಾರಕ್ಕೊಮ್ಮೆ ಭೇಟಿ ಕೊಡುವುದನ್ನು, ಆರೈಕೆ ಮಾಡುವವರಿಗೆ ಒಂದು ದಿನದ ಬಿಡುವು ಕೊಡಿಸುವುದನ್ನು ಪ್ರತಿ ಊರಿನ ಸಮಾಜವೂ ಕೈಗೊಳ್ಳಬಹುದು. ಮಂಡಿ ಗಟ್ಟಿಯಿರುವಾಗಲೇ ಈ ಕೆಲಸ ಆಗಬೇಕು.