ಕರ್ಜನ್ ಕೊಂಡ ಕೋಟೆ

ಕೆಂಟ್‌ನಿಂದ ಸಸೆಕ್ಸ್ ಕಡೆಗೆ ಹೋಗುವ ಇಂಗ್ಲೆಂಡಿನ ಹಳ್ಳಿದಾರಿಗಳಲ್ಲಿ ಎದುರಿನಿಂದ ಇನ್ನೊಂದು ಕಾರು ಬಂದರೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಲೇಬೇಕು. ಎರಡೂ ಬದಿಗೆ ಆಳೆತ್ತರದ ಗಿಡಬೇಲಿ. ಗೇಟು ಬಂದಲ್ಲಿ ಮಾತ್ರ ಹೊಲ, ಕುರಿ, ದೂರದ ಚರ್ಚಿನ ಗೋಪುರ ಕಂಡು ಮಾಯವಾಗುತ್ತವೆ. ತಂಗಿ ಗಾಡಿ ನಡೆಸುತ್ತಿದ್ದಳು. "ಅಕ್ಕಾ, ಇಲ್ಲಿ ಯಾರೂ ಹಾರ್ನ್ ಹೊಡೆಯೂದಿಲ್ಲ. ಹಿಂದ ಸರದವರಿಗೆ ಕೈ ಎತ್ತಿ ಮುಂದ ಹೋಗೂದು, ಅಷ್ಟ" ಅಂದಳು. ಅಲ್ಲಲ್ಲಿ ಇಟ್ಟಿಗೆಯ ಗುಂಡು ಗೋಪುರಗಳು, ತಲೆಯ ಮೇಲೆ ಬಿಳಿಯ ಮರದ ಟೋಪಿ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂಗಳನ್ನು ಒಣಗಿಸಲು ಕಟ್ಟಿದ ಗೂಡುಗಳಂತೆ ಅವು. ಈಗ ಬಹಳಷ್ಟು ಕಡೆ ಅವುಗಳಲ್ಲಿ ಜನ ಸಂಸಾರ ಹೂಡಿದ್ದಾರೆ.

ಮೊದಲು ನೋಡಿದ್ದು ರೈ. ಗುಡ್ಡದ ಮೇಲಿನ ಹಳೆಯ ಬಂದರು. ಸಮುದ್ರ ದೂರ ಸರಿದು ಊರು ಬಯಲಿನ ನಡುವೆ ಉಳಿದಿದೆ. ಉರುಟುಗಲ್ಲು ಹಾಸಿದ ಮರ್ಮೇಡ್ ಬೀದಿಯ ಏರು ಹತ್ತಿ, ಕಾದಂಬರಿಕಾರ ಹೆನ್ರಿ ಜೇಮ್ಸ್ ಬಾಳಿದ ಲ್ಯಾಂಬ್ ಹೌಸನ್ನು ಹೊರಗಿನಿಂದ ನೋಡಿ ಹೊರಟೆವು. ಚೆಂದದ ಊರೇ, ಆದರೆ ನನ್ನ ಮನಸ್ಸು ಆಗಲೇ ಮುಂದಿನ ತೋಟದ ಕಡೆ ಓಡಿತ್ತು.

ನಾರ್ದಿಯಮ್ ಹಳ್ಳಿಯ ಗ್ರೇಟ್ ಡಿಕ್ಸ್‌ಟರ್ ಮನೆಯನ್ನು 1910ರಲ್ಲಿ ನಥಾನಿಯಲ್ ಲಾಯ್ಡ್ ಕೊಂಡುಕೊಂಡರು. ಅದನ್ನು ದೊಡ್ಡದು ಮಾಡಿಕೊಟ್ಟವರು ಮುಂದೆ ದಿಲ್ಲಿಯ ರಾಷ್ಟ್ರಪತಿ ಭವನ ಕಟ್ಟಿದ ಲ್ಯೂಟೆನ್ಸ್. ಬೆನೆಂಡನ್ ಎಂಬಲ್ಲಿದ್ದ ಹಳೆಯ ಮರದ ಮನೆಯೊಂದನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಇಲ್ಲಿ ಜೋಡಿಸಿದರಂತೆ. ನಮ್ಮ ಕಡೆ ಹಳೆ ವಾಡೆ ಬಿಚ್ಚಿದರೆ ಕಂಬ, ಬಾಗಿಲುಗಳು ಎಲ್ಲೆಲ್ಲಿಗೋ ಮಾರಾಟವಾಗಿ ಹೋಗುವುದನ್ನು ಕಂಡವಳು ನಾನು. ಆ ತೊಲೆಗಳ ಕೆಳಗೆ ಬಹಳ ಹೊತ್ತು ನಿಂತೆ.

ತೋಟವನ್ನು ಬೆಳೆಸಿದವರು ಮಗ ಕ್ರಿಸ್ಟೋಫರ್ ಲಾಯ್ಡ್. ಹೂಗಿಡಗಳ ಬಗ್ಗೆ ಬರೆದು ಹೆಸರಾದವರು, 2006ರಲ್ಲಿ ತೀರಿಕೊಂಡರು. ಲ್ಯೂಟೆನ್ಸ್ ರೂಪಿಸಿದ್ದ ಗುಲಾಬಿ ತೋಟವನ್ನು ಇವರು 1993ರಲ್ಲಿ ಕಿತ್ತು ಹಾಕಿಸಿ ಅಲ್ಲಿ ಬಾಳೆ, ಕ್ಯಾನಾ, ಡೇಲಿಯಾ ನೆಡಿಸಿದರು. ಗುಲಾಬಿಯನ್ನು ದೇವರಂತೆ ಕಾಣುವ ನಾಡಿನಲ್ಲಿ ಹಾಗೆ ಮಾಡಲು ಎಂಟೆದೆ ಬೇಕು. ನಾವು ಹೋದಾಗ ಸೆಪ್ಟೆಂಬರ್. ಬಾಳೆ ತಲೆಯ ಮೇಲೆ ಬೆಳೆದಿತ್ತು, ಕಾಲುದಾರಿಯೇ ಕಾಣದಷ್ಟು ಎಲೆ. ಅವುಗಳ ನಡುವೆ ಕೆಂಪು ಎಲೆಯ ಔಡಲ! ನಮ್ಮ ಹೊಲದ ಬದುವಿನಲ್ಲಿ ಎತ್ತು ಮೂಸಿಯೂ ನೋಡದ ಗಿಡ ಇಲ್ಲಿ ರಾಣಿಯ ಹಾಗೆ ನಿಂತಿತ್ತು. ಈ ಜಪಾನಿ ಬಾಳೆಯ ಹಣ್ಣು ತಿನ್ನಲು ಬರುವುದಿಲ್ಲ, ಎಲೆಯ ಚೆಲುವಿಗಾಗಿಯೇ ಬೆಳೆಸುವುದು. ಚಳಿಗಾಲ ಬಂತೆಂದರೆ ಅದರ ಕಾಂಡಕ್ಕೆ ಒಣ ಜರಿಗಿಡದ ಸೊಪ್ಪು ಸುತ್ತಿ ಬೆಚ್ಚಗಿಡುತ್ತಾರೆ. ತೋಟವನ್ನು ಉಳಿಸಿಕೊಳ್ಳಬೇಕಾದರೆ ಅದನ್ನು ಬದಲಿಸುತ್ತಲೇ ಇರಬೇಕು ಎಂದು ಲಾಯ್ಡ್ ಅವರಿಗೆ ತಿಳಿದಿತ್ತು. ಕಲ್ಲಿನ ಕಟ್ಟಡಕ್ಕೆ ಈ ಮಾತು ಒಪ್ಪುವುದಿಲ್ಲ. ಅದಕ್ಕೆ ಬೇಕಾದ ಆರೈಕೆಯೇ ಬೇರೆ.

ಅದನ್ನು ಕಂಡದ್ದು ಅಲ್ಲಿಂದ ಸ್ವಲ್ಪವೇ ದೂರದ ಬೋಡಿಯಮ್ ಕೋಟೆಯಲ್ಲಿ. ಸುತ್ತ ಅಗಲವಾದ ಕಂದಕ, ನಡುವೆ ನೀರಿನಿಂದಲೇ ಎದ್ದ ಗೋಡೆಗಳು, ಮೂಲೆಗಳಲ್ಲಿ ಗುಂಡು ಬುರುಜು. 1377ರಲ್ಲಿ ಫ್ರೆಂಚರು ಬಂದು ರೈ ಊರನ್ನು ಸುಟ್ಟಿದ್ದರು. ಆ ಅಂಜಿಕೆ ಇನ್ನೂ ಆರದಿದ್ದಾಗ, 1385ರಲ್ಲಿ, ಫ್ರಾನ್ಸಿನ ಯುದ್ಧಗಳಲ್ಲಿ ದುಡ್ಡು ಮಾಡಿಕೊಂಡು ಬಂದಿದ್ದ ಎಡ್ವರ್ಡ್ ಡಾಲಿಂಗ್ರಿಜ್ ದೊರೆಯ ಅಪ್ಪಣೆ ಪಡೆದು ಇದನ್ನು ಕಟ್ಟಿಸಿದ. ಮರದ ಸೇತುವೆ ದಾಟಿ ತಲೆಯೆತ್ತಿದರೆ ಬಾಗಿಲ ಮೇಲೆ ಓಕ್ ಮರದ ಹಳೆಯ ಜಾಲರಿ ಕದ ಇನ್ನೂ ತೂಗಿಕೊಂಡಿದೆ. ಒಳಗೆ ಚಾವಣಿಯಿಲ್ಲ, ಮಹಡಿಯಿಲ್ಲ. ಚಳಿಗೆ ಬೆಂಕಿ ಹಾಕುತ್ತಿದ್ದ ಗೂಡುಗಳು ಮಾತ್ರ ಗೋಡೆಯ ನಡುಮಧ್ಯ ಆಧಾರವಿಲ್ಲದೆ ಉಳಿದಿವೆ.

ಹಾಳುಬಿದ್ದ ಈ ಕೋಟೆಯನ್ನು ಕೆಡವದಂತೆ 1829ರಲ್ಲಿ ಕೊಂಡು ಉಳಿಸಿದವನು ಜಾನ್ ಫುಲ್ಲರ್. ಅವನ ಮನೆತನದ ಐಶ್ವರ್ಯ ಬಂದದ್ದು ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿದ ದುಡಿಮೆಯಿಂದ. 1917ರಲ್ಲಿ ಕೊಂಡವನು ಲಾರ್ಡ್ ಕರ್ಜನ್. ಕಂದಕದ ನೀರು ಬಸಿದು ಹೂಳು ತೆಗೆಸಿ, ಗೋಡೆಗಳನ್ನು ಭದ್ರಪಡಿಸಿ, ಮಹಡಿಗಳನ್ನು ಮತ್ತೆ ಕಟ್ಟುವ ಗೊಡವೆಗೆ ಹೋಗದೆ, 1925ರಲ್ಲಿ ತೀರಿಕೊಂಡಾಗ ಸ್ಮಾರಕಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದ.

ಆ ಹೆಸರು ಓದಿ ನನ್ನ ಮೈ ಜುಮ್ಮೆಂದಿತು. ನಾನು ವಿಜಾಪುರದವಳು. 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ನಮ್ಮೂರಿಗೆ ಬಂದಾಗ ಬ್ರಿಟಿಷ್ ಅಧಿಕಾರಿಗಳು ಆದಿಲಶಾಹಿ ಕಟ್ಟಡಗಳಲ್ಲೇ ಕಚೇರಿ ಹೂಡಿದ್ದರು. ಒಂದು ಮಸೀದಿ ಡಾಕ್ ಬಂಗಲೆ, ಇನ್ನೊಂದು ಪೋಸ್ಟ್ ಆಫೀಸು. ಅವೆರಡನ್ನೂ ತೆರವು ಮಾಡಿಸಿದವನು ವೈಸರಾಯ್ ಆಗಿದ್ದ ಇದೇ ಕರ್ಜನ್. ಭಾರತದ ಪ್ರಾಚೀನ ಸ್ಮಾರಕಗಳ ಕಾಯಿದೆ 1904ರಲ್ಲಿ ಅವನ ಕಾಲಕ್ಕೇ ಬಂತು. ತನ್ನ ದೇಶಕ್ಕೆ ಮರಳಿದ ಮೇಲೆ ಟ್ಯಾಟರ್‌ಶಾಲ್ ಕೋಟೆಯಿಂದ ಮಾರಾಟವಾಗಿದ್ದ ಕಲ್ಲಿನ ಅಗ್ಗಿಷ್ಟಿಕೆಗಳನ್ನು ಅವು ಅಮೆರಿಕಕ್ಕೆ ಹೋಗುವ ಮುಂಚೆ ತಡೆದು ತಂದ. ಆ ಗದ್ದಲವೇ ಅಲ್ಲಿಯ 1913ರ ಸ್ಮಾರಕ ಕಾಯಿದೆಗೆ ದಾರಿ ಮಾಡಿತು.

"ಬಂಗಾಳ ಒಡದಾಂವ ಅಲ್ಲೇನ ಅಕ್ಕಾ ಇಂವಾ?" ತಂಗಿ ಕೇಳಿದಳು. ಹೌದು, ಅವನೇ. 1905ರ ಆ ಗಾಯವನ್ನು ಯಾವ ಗುಮ್ಮಟದ ದುರಸ್ತಿಯೂ ಮುಚ್ಚಲಾರದು. ಆದರೂ ಆ ಎರಡು ಮಸೀದಿಗಳ ಋಣ ನನಗೆ ಉಂಟು. ಆ ಗಾಯವನ್ನೂ ಈ ಋಣವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಆ ಅಂಗಳದಲ್ಲಿ ತಿರುಗಾಡಿದೆ.

ಬಾಗಿಲ ಬಳಿ ಸ್ವಯಂಸೇವೆಗೆಂದು ಕೂತಿದ್ದ ಹಿರಿಯರೊಬ್ಬರು ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. ಡಾಕ್ ಬಂಗಲೆಯ ಕಥೆ ಹೇಳಿದೆ. ಅವರು ಕಿಸೆಯಿಂದ ಸಣ್ಣ ಪುಸ್ತಕ ತೆಗೆದು, ಊರ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಸಿ ಬರೆದುಕೊಂಡರು. ಅಲ್ಲಿ ಇನ್ನೂ ಏನೇನಿದೆ ಎಂದರು. ಬಾರಾ ಕಮಾನು, ಇಬ್ರಾಹಿಂ ರೋಜಾ, ನಡುವೆ ಒಂದೂ ಕಂಬವಿಲ್ಲದೆ ಒಂದನ್ನೊಂದು ಹೆಣೆದುಕೊಂಡ ಕಮಾನುಗಳ ಮೇಲೆ ನಿಂತ ಗೋಲಗುಮ್ಮಟ, ಅದರ ಪಿಸುಮಾತಿನ ಗ್ಯಾಲರಿ ಎಲ್ಲ ಹೇಳಿದೆ. ಕಮಾನುಗಳು ಹೇಗೆ ಹೆಣೆದಿವೆ ಎಂಬುದು ಅವರಿಗೆ ತಿಳಿಯಲಿಲ್ಲ. ಅವರದೇ ಪೆನ್ನು ಇಸಿದುಕೊಂಡು ಚಿತ್ರ ಬರೆಯಲು ಕೂತೆ.