ಕಪ್ಪು ಮೈಯ ಚಾಕು: ಬೆಲೆ ಯಾವುದಕ್ಕೆ?

ಒಂದು ವಸ್ತುವಿನ ಬೆಲೆ ಎಷ್ಟು ಎಂದು ಕೇಳುವುದು ಸುಲಭ. ಆ ಬೆಲೆ ಅದರ ಯಾವ ಗುಣಕ್ಕೆ ಸಲ್ಲುತ್ತದೆ ಎಂದು ಕೇಳುವುದು ಕಷ್ಟ. ಹೊಳೆಯುವುದಕ್ಕೆ ಹೆಚ್ಚು ಬೆಲೆ, ಹೊಳೆಯದಿರುವುದಕ್ಕೆ ಕಡಿಮೆ ಬೆಲೆ ಎಂಬುದು ಲೋಕದ ಹಳೆಯ ರೂಢಿ. ಈಚಿನ ದಶಕಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ರೂಢಿಯೂ ಬೆಳೆದುಬಂದಿದೆ. ಹೊಳಪಿಲ್ಲದಿರುವುದೇ ಒಂದು ಹೊಳಪಾಗಿ, ಒರಟುತನವೇ ಒಂದು ಅಲಂಕಾರವಾಗಿ ಮಾರಾಟವಾಗುತ್ತಿದೆ. ಜಪಾನ್ ದೇಶದ ಅಡುಗೆಮನೆಯ ಚಾಕು ಇದಕ್ಕೆ ತಕ್ಕ ನಿದರ್ಶನ. ಕುಲುಮೆಯ ಮಸಿಯನ್ನು ಮೈಮೇಲೆ ಹೊತ್ತ, ಸುತ್ತಿಗೆಯ ಏಟಿನ ಗುರುತುಗಳು ಎದ್ದು ಕಾಣುವ ಚಾಕುವಿಗೆ ನಯವಾಗಿ ಮಿಂಚುವ ಚಾಕುವಿಗಿಂತ ಹಲವು ಪಟ್ಟು ಬೆಲೆ. ಈ ಬೆಲೆ ನ್ಯಾಯವಾದುದೇ?

ಈ ಪ್ರಶ್ನೆಯನ್ನು ಒಬ್ಬ ಗೃಹಸ್ಥನು ಎದುರಿಸಬೇಕಾಯಿತು. ಆತ ಹುಟ್ಟಿದ್ದು ಶಿಕೋಕು ದ್ವೀಪದ ಕೋಚಿ ಪ್ರಾಂತದಲ್ಲಿ. ಆ ಸೀಮೆಯ ಹಳೆಯ ಹೆಸರು ತೋಸಾ. ಅದರ ನೂರಕ್ಕೆ ಎಂಬತ್ತು ಭಾಗಕ್ಕೂ ಮಿಕ್ಕ ನೆಲ ಕಾಡು. ಮರ ಕಡಿಯುವ ಕೊಡಲಿ, ಕೊಂಬೆ ಸವರುವ ಕತ್ತಿ, ಗದ್ದೆಯ ಕುಡುಗೋಲು ಇವುಗಳನ್ನು ಬಡಿಯುತ್ತ ಬಂದ ಕಮ್ಮಾರರು ಅದೇ ಕುಲುಮೆಯಲ್ಲಿ ಅಡುಗೆಯ ಚಾಕುಗಳನ್ನೂ ಮಾಡುತ್ತಿದ್ದರು. ಆತನ ತಾಯಿ ಅಂತಹ ಒಬ್ಬ ಕಮ್ಮಾರನಿಂದ ಕುಡುಗೋಲಿನ ಜೊತೆಗೆ ಒಂದು ನಾಕಿರಿಯನ್ನು ಕೊಂಡಿದ್ದರು. ನಾಕಿರಿಯೆಂದರೆ ಸೊಪ್ಪು-ತರಕಾರಿ ಹೆಚ್ಚಲೆಂದೇ ಮಾಡಿದ, ಮುಂದುಗಡೆ ಚೂಪಿಲ್ಲದ, ಆಯತಾಕಾರದ ಚಾಕು. ಅದರ ಮೈ ಕಪ್ಪಗೆ, ಒರಟಾಗಿತ್ತು. ಬಾಯಿ ಮಾತ್ರ ಬೆಳ್ಳಗೆ, ಕೂದಲೆಳೆಯಂತೆ ತೆಳ್ಳಗಿತ್ತು. ತಾಯಿ ಅದನ್ನು ದಶಕಗಳ ಕಾಲ ತಾವೇ ಕಲ್ಲಿಗೆ ಉಜ್ಜಿ ಹರಿತ ಮಾಡಿಕೊಂಡರು. ಅವರು ತೀರಿಕೊಂಡ ಮೇಲೆ ಚಾಕು ಮಗನ ಕೈಗೆ ಬಂದಾಗ ಅದರ ಅಗಲ ಮೊದಲಿನ ಅರ್ಧದಷ್ಟು ಉಳಿದಿತ್ತು. ಕಪ್ಪು ಬಣ್ಣ ಬೆನ್ನಿನ ಬಳಿ ಒಂದು ಗೆರೆಯಷ್ಟೇ ಕಾಣುತ್ತಿತ್ತು. ಟೋಕಿಯೋದಲ್ಲಿ ನೆಲೆಸಿದ್ದ ಆತನ ಮಗಳು ಹೊಸ ಸಂಸಾರ ಹೂಡುವಾಗ, "ಅಜ್ಜಿಯ ಬಳಿ ಇದ್ದಂತಹ ಚಾಕು ನನಗೂ ಒಂದು ಬೇಕು ಅಪ್ಪ" ಎಂದಳು.

ಆತ ಕಪ್ಪಾಬಾಶಿ ಬೀದಿಗೆ ಹೋದ. ಉಯೆನೋ ಮತ್ತು ಅಸಾಕುಸಾ ಬಡಾವಣೆಗಳ ನಡುವಣ ಆ ಬೀದಿಯ ತುಂಬ ಅಡುಗೆ ಸಾಮಗ್ರಿಗಳ ಅಂಗಡಿಗಳು. ಗಾಜಿನ ಕಪಾಟಿನಲ್ಲಿ ತಾಯಿಯ ಚಾಕುವಿನ ತದ್ರೂಪವೇ ಕಂಡಿತು. ಬೆಲೆ 28,000 ಯೆನ್. ಪಕ್ಕದ ಸಾಲಿನಲ್ಲಿ ಕಾರ್ಖಾನೆಯಲ್ಲಿ ತಯಾರಾದ ತುಕ್ಕು ಹಿಡಿಯದ ಉಕ್ಕಿನ ಚಾಕು 5,000 ಯೆನ್ನಿಗೆ ದೊರೆಯುತ್ತಿತ್ತು. ಆತನಿಗೆ ನಗುವೂ ಬಂತು, ಸಿಟ್ಟೂ ಬಂತು. ವೃದ್ಧ ಅಂಗಡಿಕಾರನನ್ನು ಕೇಳಿದ: "ನಮ್ಮ ತಾಯಿಯ ಕಾಲದಲ್ಲಿ ಹೊಳಪು ಕೊಟ್ಟಿಲ್ಲವೆಂದೇ ಇದು ಅಗ್ಗವಾಗಿತ್ತು. ಈಗ ಹೊಳಪು ಕೊಟ್ಟಿಲ್ಲವೆಂದೇ ದುಬಾರಿಯೇ?" ಅಂಗಡಿಕಾರ ಚಾಕುವನ್ನು ಹೊರತೆಗೆದು ಮುಂದಿಟ್ಟು, "ತಾವು ಮೈಯನ್ನು ನೋಡುತ್ತಿದ್ದೀರಿ. ಬಾಯಿಯನ್ನು ನೋಡಿ, ಆಮೇಲೆ ಮಾತಾಡೋಣ" ಎಂದ.

ಮೊದಲು ಆ ಮೈಯ ಕಪ್ಪು ಯಾವುದು ಎಂಬುದನ್ನು ತಿಳಿಯಬೇಕು. ಕಾದ ಕಬ್ಬಿಣ ಗಾಳಿಗೆ ಸೋಕಿದಾಗ ಅದರ ಮೇಲೆ ಆಕ್ಸೈಡಿನ ಕಪ್ಪು ಪೊರೆಯೊಂದು ಕಟ್ಟುತ್ತದೆ. ಇದನ್ನು ಉಜ್ಜಿ ತೆಗೆಯದೆ ಹಾಗೆಯೇ ಬಿಟ್ಟ ಚಾಕುವನ್ನು ಜಪಾನೀಯರು ಕುರೋ-ಉಚಿ ಎನ್ನುತ್ತಾರೆ; 'ಕುರೋ' ಎಂದರೆ ಕಪ್ಪು, 'ಉಚಿ' ಎಂದರೆ ಬಡಿದದ್ದು. ಸುತ್ತಿಗೆಯ ಗುರುತುಗಳನ್ನು ಉಳಿಸಿದ್ದು ತ್ಸುಚಿಮೆ. ಮರಸೇಬಿನ ಸಿಪ್ಪೆಯಂತೆ ಸಣ್ಣ ಚುಕ್ಕೆಗಳುಳ್ಳದ್ದು ನಾಶಿಜಿ. ಕಪ್ಪು ಪೊರೆ ತಾನಿರುವ ಕಡೆ ತುಕ್ಕನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ, ನಿಜ. ಆದರೆ ಕತ್ತರಿಸುವ ಬಾಯಿಯ ಬಳಿ ಅದು ಇರುವುದೇ ಇಲ್ಲ. ಸುತ್ತಿಗೆಯ ಗುಳಿಗಳಿಂದ ತರಕಾರಿ ಅಂಟುವುದಿಲ್ಲ ಎಂಬ ಮಾತೂ ಬಹುಪಾಲು ಉತ್ಪ್ರೇಕ್ಷೆ. ಹೋಳು ಅಂಟದಂತೆ ಮಾಡುವುದರಲ್ಲಿ ಅಲಗಿನ ಪಕ್ಕಗಳಿಗೆ ಕೊಟ್ಟ ಉಬ್ಬಿನ ಪಾತ್ರವೇ ಹೆಚ್ಚು. ಆದ್ದರಿಂದ ಒರಟು ಮೈಗೆ ಅದರದೇ ಆದ ದೊಡ್ಡ ಉಪಯೋಗವಿಲ್ಲ. ರೈತನ ಚಾಕುವಿನಲ್ಲಿ ಅದು ಉಳಿದುಕೊಂಡದ್ದು ಒಂದೇ ಕಾರಣಕ್ಕೆ: ಮೈಯನ್ನು ಉಜ್ಜುವ ಶ್ರಮವನ್ನು ಕಮ್ಮಾರನು ಉಳಿಸಿದ, ಅದರ ಹಣವನ್ನು ಕೊಳ್ಳುವವನು ಉಳಿಸಿದ.

ಹಾಗಾದರೆ ಬೆಲೆ ಎಲ್ಲಿ ಅಡಗಿದೆ? ಈ ಚಾಕುವಿನ ಒಳಗೆ ಎರಡು ಲೋಹಗಳಿವೆ. ನಡುವೆ ಗಡಸು ಉಕ್ಕು, ಎರಡು ಪಕ್ಕಗಳಲ್ಲಿ ಮೆದು ಕಬ್ಬಿಣ. ಗಡಸು ಉಕ್ಕು ಹರಿತವನ್ನು ಹಿಡಿದಿಡುತ್ತದೆ, ಆದರೆ ಸುಲಭವಾಗಿ ಮುರಿಯುತ್ತದೆ. ಮೆದು ಕಬ್ಬಿಣ ಹರಿತವಾಗದು, ಆದರೆ ಏಟನ್ನು ತಾಳಿಕೊಳ್ಳುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಂತಹ ಉಕ್ಕಿಗೆ ಶಿಮಾನೆ ಪ್ರಾಂತದ ಯಾಸುಗಿ ಪ್ರಸಿದ್ಧ. ಅಲ್ಲಿಯ ಬಿಳಿ ಕಾಗದದ ಉಕ್ಕು, ನೀಲಿ ಕಾಗದದ ಉಕ್ಕು ಎಂಬ ಹೆಸರುಗಳು ಸುತ್ತಿದ ಕಾಗದದ ಬಣ್ಣದಿಂದ ಬಂದವು. ಬಿಳಿಯದರಲ್ಲಿ ಕಬ್ಬಿಣದೊಡನೆ ನೂರಕ್ಕೆ ಒಂದರ ಆಸುಪಾಸು ಇಂಗಾಲವಿದೆ, ಬೇರೆ ಮಿಶ್ರಣ ಅತ್ಯಲ್ಪ. ನೀಲಿಯದರಲ್ಲಿ ಕ್ರೋಮಿಯಂ ಮತ್ತು ಟಂಗ್‌ಸ್ಟನ್ ಸೇರಿರುತ್ತವೆ.

ಈ ಎರಡು ಲೋಹಗಳನ್ನು ಕಾಯಿಸಿ, ಬಡಿದು ಒಂದಾಗಿ ಬೆಸೆಯಬೇಕು. ಕಾವು ಕಡಿಮೆಯಾದರೆ ಬೆಸುಗೆ ಹಿಡಿಯದು. ಹೆಚ್ಚಾದರೆ ಉಕ್ಕಿನೊಳಗಣ ಕಣಗಳು ದಪ್ಪವಾಗಿ ಬಾಯಿ ಪೊಳ್ಳಾಗುತ್ತದೆ. ಅನಂತರ ಅಲಗಿಗೆ ಮಣ್ಣಿನ ತೆಳು ಲೇಪ ಬಳಿದು, ಸುಮಾರು 800 ಡಿಗ್ರಿಯವರೆಗೆ ಕಾಯಿಸಿ, ಒಮ್ಮೆಲೇ ನೀರಿಗೆ ಇಳಿಸಬೇಕು. ಕುಲುಮೆಯ ಕೋಣೆಯನ್ನು ಕತ್ತಲಾಗಿರಿಸುವುದು ಕಾದ ಉಕ್ಕಿನ ಬಣ್ಣ ಕಣ್ಣಿಗೆ ಸರಿಯಾಗಿ ಕಾಣಲೆಂದು. ಆ ಕ್ಷಣದಲ್ಲಿ ಅಲಗು ಸೀಳಬಹುದು, ಡೊಂಕಾಗಬಹುದು. ಉಳಿದುಬಂದ ಅಲಗನ್ನು ಮತ್ತೆ ಹಗುರವಾಗಿ ಕಾಯಿಸಿ ಹದಕ್ಕೆ ತಂದು, ಡೊಂಕು ತಿದ್ದಿ, ಸಾಣೆ ಹಿಡಿದು ತೆಳುಗೊಳಿಸಬೇಕು. ಇಷ್ಟೆಲ್ಲ ಆದ ಮೇಲೂ ಈ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಮೈಯ ಮಸಿ; ಬೆಲೆ ಇರುವುದು ಕಾಣದ ಹದದಲ್ಲಿ.

'ಕೈಯಿಂದ ಮಾಡಿದ್ದು' ಎಂಬ ಮಾತನ್ನೂ ಇಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಇಂದಿನ ಬಹುತೇಕ ಕಮ್ಮಾರರು ವಿದ್ಯುತ್ತಿನ ಸುತ್ತಿಗೆಯನ್ನು, ತಿರುಗುವ ಸಾಣೆಚಕ್ರವನ್ನು ಬಳಸುತ್ತಾರೆ. ಹಲವರು ಮೊದಲೇ ಬೆಸೆದು ತಯಾರಾದ ಉಕ್ಕಿನ ಹಾಳೆಯನ್ನು ಕೊಳ್ಳುತ್ತಾರೆ. ಒಸಾಕಾ ಪ್ರಾಂತದ ಸಾಕಾಯಿ ನಗರದಲ್ಲಂತೂ ಬಡಿಯುವವನೊಬ್ಬ, ಸಾಣೆ ಹಿಡಿಯುವವನೊಬ್ಬ, ಹಿಡಿ ಕೂರಿಸುವವನೊಬ್ಬ. ಇದರಲ್ಲಿ ಮೋಸವೇನೂ ಇಲ್ಲ. ಸಾಂಪ್ರದಾಯಿಕ ಕರಕುಶಲ ವಸ್ತುಗಳಿಗಾಗಿ ಜಪಾನ್ 1974ರಲ್ಲಿ ಮಾಡಿದ ಕಾನೂನು ಕೂಡ ಕೇಳುವುದು ತಯಾರಿಕೆಯ ಮುಖ್ಯ ಭಾಗ ಕೈಕೆಲಸವಾಗಿರಬೇಕು, ವಸ್ತು ಮುಖ್ಯವಾಗಿ ನಿತ್ಯಜೀವನದಲ್ಲಿ ಬಳಕೆಯಾಗುವಂಥದಾಗಿರಬೇಕು ಎಂದು. ಎಚಿಜೆನ್‌ನ ಅಲಗುಗಳು 1979ರಲ್ಲಿ, ಸಾಕಾಯಿಯವು 1982ರಲ್ಲಿ, ತೋಸಾದವು 1998ರಲ್ಲಿ ಆ ಮನ್ನಣೆ ಪಡೆದವು. ನಿತ್ಯ ಬಳಕೆಯ ಮಾತು ಆ ಕಾನೂನಿನಲ್ಲಿ ಇರುವುದು ಗಮನಾರ್ಹ. ಗೋಡೆಗೆ ತೂಗುಹಾಕುವ ಚಾಕು ಎಷ್ಟೇ ಸುಂದರವಾಗಿದ್ದರೂ ಚಾಕುವಿನ ಧರ್ಮವನ್ನು ಬಿಟ್ಟಿದೆ.

ಆದರೆ ಕಪ್ಪು ಮೈ ಜನರಿಗೆ ಇಷ್ಟವಾಗತೊಡಗಿದ ಮೇಲೆ ಒಂದು ವಿಪರ್ಯಾಸ ಸಂಭವಿಸಿತು. ಶ್ರಮ ಉಳಿಸಲು ಬಿಟ್ಟಿದ್ದ ಒರಟುತನವನ್ನು ಶ್ರಮಪಟ್ಟು ಹಚ್ಚುವ ಕಾಲ ಬಂತು. ನಯವಾದ ಅಲಗಿಗೆ ಕಪ್ಪು ಲೇಪ ಕೊಡುವುದುಂಟು. ಯಂತ್ರದ ಅಚ್ಚಿನಿಂದ ಸುತ್ತಿಗೆಯ ಗುರುತುಗಳನ್ನು ಒತ್ತುವುದುಂಟು. ಬಾಯಿಗೆ ಸಲ್ಲಬೇಕಾದ ಶ್ರಮ ಮೈಗೆ ಸಂದಿತು.

ಈ ವಿಪರ್ಯಾಸ ಜಪಾನಿಗೆ ಹೊಸದಲ್ಲ. ಕ್ಯೋಟೋದ ದೈತೋಕುಜಿ ದೇವಾಲಯದ ಆವರಣದಲ್ಲಿ ಕಿಜಾಯೆಮೋನ್ ಎಂಬ ಹೆಸರಿನ ಒಂದು ಚಹದ ಬಟ್ಟಲಿದೆ. ಅದನ್ನು ರಾಷ್ಟ್ರದ ಅಮೂಲ್ಯ ನಿಧಿಯೆಂದು ಸರ್ಕಾರ ಘೋಷಿಸಿದೆ. ಜನಪದ ಕಲೆಯ ಪ್ರತಿಪಾದಕ ಯಾನಾಗಿ ಸೋಯೆತ್ಸು (1889–1961) ಅದನ್ನು 1931ರಲ್ಲಿ ಕಣ್ಣಾರೆ ಕಂಡು ಬರೆದರು. ಅವರ ವಿಚಾರ ಸರಳವಾದುದು: ಅದು ಕೊರಿಯಾದ ಬಡಜನರು ಉಣ್ಣುತ್ತಿದ್ದ ಅತಿ ಸಾಧಾರಣ ಬಟ್ಟಲು, ಮಾಡಿದವನು ಸೌಂದರ್ಯವನ್ನು ನೆನೆಯಲಿಲ್ಲ, ಅದಕ್ಕಾಗಿಯೇ ಅದು ಸುಂದರವಾಯಿತು. ಆ ಒರಟುತನವನ್ನು ಮೆಚ್ಚಿದ ಮುಂದಿನವರು ಬೇಕೆಂದೇ ಸೊಟ್ಟಗೆ ಮಾಡಿದ ರಾಕು ಬಟ್ಟಲುಗಳನ್ನು ಅವರು ಒಪ್ಪಲಿಲ್ಲ. ತಾನಾಗಿ ಉಳಿದ ಒರಟುತನ ಬೇರೆ, ತಂದಿಟ್ಟ ಒರಟುತನ ಬೇರೆ. ಮೊದಲನೆಯದು ಸರಳತೆ, ಎರಡನೆಯದು ಸರಳತೆಯ ವೇಷ ತೊಟ್ಟ ಆಡಂಬರ.

ಇವೆರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ? ಅಂಗಡಿಕಾರ ತೋರಿಸಿದ ಕ್ರಮ ಯಾರಿಗೂ ಸಾಧ್ಯವಾದುದು. ಒಂದೇ ಜಾತಿಯ ಎರಡು ಚಾಕುಗಳನ್ನು ಪಕ್ಕಪಕ್ಕದಲ್ಲಿಟ್ಟ. ಎರಡರಲ್ಲೂ ಗುಳಿಗಳು ಒಂದೇ ಜಾಗದಲ್ಲಿ, ಒಂದೇ ಆಳದಲ್ಲಿ ಬಿದ್ದಿದ್ದರೆ ಅದು ಅಚ್ಚಿನ ಕೆಲಸ. ಬಳಿಕ ಚಾಕುವನ್ನು ಹಿಡಿಯ ಕಡೆಯಿಂದ ದಿಟ್ಟಿಸಿ, ಬೆನ್ನಿನಿಂದ ಬಾಯಿಯವರೆಗೆ ಅದು ಹೇಗೆ ತೆಳುವಾಗುತ್ತ ಹೋಗುತ್ತದೆ ಎಂಬುದನ್ನು ತೋರಿಸಿದ. ಮೈ ಎಷ್ಟೇ ಒರಟಾಗಿರಲಿ, ಬಾಯಿಯ ಹಿಂಭಾಗ ದಪ್ಪವಾಗಿದ್ದರೆ ಗಜ್ಜರಿ ಕತ್ತರಿಸುವುದಿಲ್ಲ, ಸೀಳುತ್ತದೆ. ಅಲಗನ್ನು ಬೆಳಕಿಗೆ ಹಿಡಿದು ಅದು ನೇರವಾಗಿದೆಯೇ ಎಂದು ನೋಡಿದ. ಕಡೆಯದಾಗಿ, ಉಕ್ಕು ಯಾವುದು, ಬಡಿದವರು ಯಾರು, ಸಾಣೆ ಹಿಡಿದವರು ಯಾರು ಎಂದು ಕೇಳಿದರೆ ಮಾರುವವನು ತಡವರಿಸದೆ ಉತ್ತರ ಹೇಳಬೇಕು ಎಂದ. ಇವುಗಳಲ್ಲಿ ಒಂದೂ ಮೈಯ ಬಣ್ಣಕ್ಕೆ ಸಂಬಂಧಿಸಿದ್ದಲ್ಲ.

ಗೃಹಸ್ಥನು ಆಗ ಇನ್ನೊಂದು ಪ್ರಶ್ನೆ ಎತ್ತಿದ: "ಇಷ್ಟೇ ಕೆಲಸ ನಮ್ಮ ತಾಯಿಯ ಚಾಕುವಿಗೂ ಆಗಿತ್ತಲ್ಲ, ಅದು ಅಗ್ಗವಾಗಿದ್ದದ್ದು ಹೇಗೆ?" ಅಂಗಡಿಕಾರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಮ್ಮಾರರ ಮಕ್ಕಳು ಈಗ ಕುಲುಮೆಯಲ್ಲಿ ಇದ್ದಾರೆಯೇ?" ಎಂದು ಕೇಳಿದ. ಇರಲಿಲ್ಲ. ಮಗ ಪಟ್ಟಣದ ಕಾರ್ಖಾನೆಗೆ ಸೇರಿದ್ದ. ಕುಲುಮೆ ಮುಚ್ಚಿ ಬಹಳ ವರ್ಷಗಳಾಗಿದ್ದವು. ದುಬಾರಿ ಬೆಲೆಯನ್ನು ಸಂದೇಹಿಸುವವರು ಅಗ್ಗದ ಬೆಲೆಯನ್ನು ಸಂದೇಹಿಸುವುದಿಲ್ಲ. ಕುಡುಗೋಲಿನ ಜೊತೆಗೆ ಸಿಕ್ಕ ಚಾಕುವಿನ ಬೆಲೆಯಲ್ಲಿ ಆ ಕಮ್ಮಾರನ ಎಷ್ಟು ಹೊತ್ತು ಲೆಕ್ಕಕ್ಕೆ ಸೇರಿರಲಿಲ್ಲವೋ! ಇಂದಿನ ಬೆಲೆಯಲ್ಲಿ ಮೆಚ್ಚುಗೆಯ ಮಾರುಕಟ್ಟೆ ಕೂಡಿಸಿದ ಹೆಚ್ಚಳವೂ ಇದೆ. ಅಂದು ಸಲ್ಲದೆ ಹೋದ ಕೂಲಿಯೂ ಇದೆ. ಎರಡನ್ನೂ ಒಂದೇ ಎಂದು ತಳ್ಳಿಹಾಕುವುದು ಅನ್ಯಾಯ.

ಇಷ್ಟಾದರೂ ಬೆಲೆ ಸಾರ್ಥಕವಾಗುವುದು ಕೊಂಡವನಿಂದಲೇ. ಇಂತಹ ಉಕ್ಕಿನ ಗಡಸುತನ ರಾಕ್‌ವೆಲ್ ಮಾನದಲ್ಲಿ 60ನ್ನು ಮೀರುತ್ತದೆ. ಪಾಶ್ಚಾತ್ಯ ಮಾದರಿಯ ಸಾಮಾನ್ಯ ಚಾಕುಗಳದು 56ರ ಸುತ್ತಮುತ್ತ. ಆದ್ದರಿಂದ ಇದರ ಬಾಯಿಯನ್ನು ಹೆಚ್ಚು ತೆಳ್ಳಗೆ ಮಾಡಬಹುದು, ಹರಿತ ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ಗಟ್ಟಿಯಾದುದಕ್ಕೆ ತಾಗಿದರೆ ಬಾಯಿ ಮುಕ್ಕಾಗುತ್ತದೆ. ನಿಂಬೆಯನ್ನೋ ಈರುಳ್ಳಿಯನ್ನೋ ಹೆಚ್ಚಿ ಒರೆಸದೆ ಬಿಟ್ಟರೆ ಕಲೆ ಹಿಡಿದು ತುಕ್ಕು ಏರುತ್ತದೆ. ಕಲ್ಲಿನ ಮೇಲೆ ಹರಿತ ಮಾಡಲು ಬಾರದವನ ಮನೆಯಲ್ಲಿ 28,000 ಯೆನ್‌ನ ಚಾಕು ಕೆಲವು ತಿಂಗಳಲ್ಲೇ ಮೊಂಡಾಗುತ್ತದೆ. ಆಗ ಚೆನ್ನಾಗಿ ಹರಿತ ಮಾಡಿದ 5,000 ಯೆನ್‌ನ ಚಾಕುವೇ ಅದಕ್ಕಿಂತ ಮೇಲು. ಬಡಿದವನ ಕೆಲಸ ಕುಲುಮೆಯಲ್ಲಿ ಮುಗಿಯಿತು. ಬಳಸುವವನ ಕೆಲಸ ಅಲ್ಲಿಂದ ಆರಂಭ.

ಗೃಹಸ್ಥನು ಆ ದಿನ ಕಪಾಟಿನ ಚಾಕುವನ್ನು ಕೊಳ್ಳಲಿಲ್ಲ. ಕೊಂಡದ್ದು ಒಂದು ಮಧ್ಯಮ ನುಣುಪಿನ ಸಾಣೆಕಲ್ಲನ್ನು. ಮುಂದಿನ ಸಲ ಊರಿಗೆ ಹೋದಾಗ, ಇನ್ನೂ ಉರಿಯುತ್ತಿದ್ದ ಒಂದು ಕುಲುಮೆಯನ್ನು ಹುಡುಕಿ, 12,000 ಯೆನ್ ಕೊಟ್ಟು ಒಂದು ನಾಕಿರಿ ತಂದ. ಚೌಕಾಸಿ ಮಾಡಲಿಲ್ಲ. ಅದರ ಮೈಯ ಮಸಿ ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ಬಾಯಿ ನೇರವಾಗಿ, ತೆಳ್ಳಗಿತ್ತು. ತಾಯಿಯ ಚಾಕುವಿಗೆ ಹೊಸ ಮರದ ಹಿಡಿ ಹಾಕಿಸಿದ. ಮಗಳನ್ನು ಎದುರಿಗೆ ಕೂರಿಸಿಕೊಂಡು, ಮೊದಲು ಅಜ್ಜಿಯ ಚಾಕುವಿನಲ್ಲಿ ಕಲ್ಲಿಗೆ ಉಜ್ಜುವುದನ್ನು ಕಲಿಸಿ, ಆಮೇಲೆ ಹೊಸದನ್ನು ಕೈಗೆ ಕೊಟ್ಟ. "ಈ ಕಪ್ಪು ಹೋಗಿಬಿಡುತ್ತದೆಯೇ ಅಪ್ಪ?" ಎಂದು ಅವಳು ಕೇಳಿದಾಗ, "ಹೋಗಲಿ ಮಗಳೇ. ನೀನು ದಿನವೂ ಬಳಸಿದೆ ಎನ್ನುವುದಕ್ಕೆ ಅದೇ ಗುರುತು" ಎಂದ.

ಬೆಲೆಯ ಪ್ರಶ್ನೆಗೆ ಉತ್ತರ ಈ ಮಾತಿನಲ್ಲಿದೆ. ಒರಟು ಮೈಗೆ ಒಂದು ಕಾಸನ್ನೂ ಕೊಡಬೇಕಾದುದಿಲ್ಲ. ಅದರ ಒಳಗೆ ನಿಂತ ಹದಕ್ಕೆ, ಬಾಯಿಗೆ ಸಂದ ಶ್ರಮಕ್ಕೆ, ಆ ಶ್ರಮಪಟ್ಟವನ ಊಟಕ್ಕೆ ಎಷ್ಟು ಕೊಟ್ಟರೂ ನಷ್ಟವಿಲ್ಲ. ಕೊಳ್ಳುವವನು ಮೈಗೆ ಮರುಳಾದರೆ ಕಡಿಮೆ ಬೆಲೆಯೂ ದುಬಾರಿ; ಬಾಯಿಯನ್ನು ಅರಿತು ಕೊಂಡು, ದಿನವೂ ಬಳಸಿ ಸವೆಸಿದರೆ ಹೆಚ್ಚು ಬೆಲೆಯೂ ನ್ಯಾಯವೇ.